ಮಲ್ಲಪ್ಪ ಸರ್ ಬರೆಯಬೇಕಿದ್ದ ಪತ್ರ

ಆ ಭಾನುವಾರ ನಾವು ಎಂದಿನಂತೆ ಮಾಗಡಿ ಕೆರೆಗೆ ಹೋಗಿದ್ದೆವು. ನಾನಾಗ ಗದಗಿನ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅದೇ ಕಾಲೇಜಿನ ಪ್ರಾಣಿಶಾಸ್ತ್ರದ ಮಲ್ಲಪ್ಪ ನನ್ನ ಸ್ಕೂಟರಿನ ಹಿಂದೆ, ದುರ್ಬೀನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅವನಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ, ನನಗೆ ಹಕ್ಕಿಯ ಗುರುತು ಹಿಡಿಯಲು ಬರುತ್ತಿರಲಿಲ್ಲ. ನಮ್ಮ ಗೆಳೆತನ ವರ್ಷಾನುಗಟ್ಟಲೆ ಈ ಎರಡು ಬಾರದ ವಿದ್ಯೆಗಳ ಮೇಲೆಯೇ ನಡೆದಿತ್ತು.

ನವೆಂಬರ್ ತಿಂಗಳು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳ ಮೊದಲ ಹಿಂಡು ಕೆರೆಗೆ ಇಳಿದಿತ್ತು. ದಂಡೆಯ ಮೇಲೆ ನಮಗಿಂತ ಮೊದಲೇ ಬಂದು ಕುಳಿತಿದ್ದವಳು ರೇಣುಕಾ. ಅದೇ ಮಾಗಡಿಯ ಹುಡುಗಿ, ಬಿ.ಎಸ್ಸಿ.ಯಲ್ಲಿ ನಮ್ಮಿಬ್ಬರ ವಿದ್ಯಾರ್ಥಿನಿ. ಆಮೇಲೆ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಎರಡು ವರ್ಷ ಸಹಾಯಕಿಯಾಗಿ ದುಡಿದು, ಈಗ ಪರದೇಶದಲ್ಲಿ ನ್ಯೂರೋಸೈನ್ಸ್, ಅಂದರೆ ಮಿದುಳು ಮತ್ತು ನರಗಳ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಲು ಅರ್ಜಿ ಹಾಕುತ್ತಿದ್ದಳು. ಅಮೆರಿಕದ ನಾಲ್ಕು, ಜರ್ಮನಿಯ ಎರಡು, ಒಟ್ಟು ಆರು ವಿಶ್ವವಿದ್ಯಾಲಯಗಳು.

ಈ ಅರ್ಜಿಗಳ ಪದ್ಧತಿ ನಮ್ಮದಕ್ಕಿಂತ ಬೇರೆ. ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಅಂಕ, ಯಾಕೆ ಓದಬೇಕು ಎಂದು ತಾವೇ ಬರೆಯುವ ಒಂದು ಲೇಖನ, ಇಷ್ಟರ ಜೊತೆಗೆ ಮೂರು ರೆಕಮಂಡೇಶನ್, ಅಂದರೆ ಶಿಫಾರಸು ಪತ್ರಗಳು ಬೇಕು. ಅವನ್ನು ಕಲಿಸಿದವರು ನೇರವಾಗಿ ಕಂಪ್ಯೂಟರಿನಲ್ಲಿ ಕಳಿಸಬೇಕು. ವಿದ್ಯಾರ್ಥಿ ಅದನ್ನು ನೋಡುವ ಹಾಗಿಲ್ಲ. ಧಾರವಾಡದವರು ಮತ್ತು ಬೆಂಗಳೂರಿನವರು ತಮ್ಮ ಪತ್ರ ಕಳಿಸಿಯಾಗಿತ್ತು. ಮೂರನೆಯದು ಮಲ್ಲಪ್ಪನದು. ಡಿಸೆಂಬರಿನ ಗಡುವಿನೊಳಗೆ ಅದು ಬರದಿದ್ದರೆ ಅರ್ಜಿ ಪೂರ್ಣವಾಗುವುದಿಲ್ಲ, ಪೂರ್ಣವಾಗದ ಅರ್ಜಿಯನ್ನು ಯಾರೂ ತೆರೆದು ನೋಡುವುದಿಲ್ಲ.

ನಮ್ಮ ಕಡೆ ಇಂಥ ಪತ್ರವನ್ನು ವಿದ್ಯಾರ್ಥಿಯೇ ಟೈಪ್ ಮಾಡಿಸಿಕೊಂಡು ಬರುತ್ತಾನೆ, ನಾವು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಸಹಿ ಹಾಕುತ್ತೇವೆ. ಮಲ್ಲಪ್ಪ ಅದಕ್ಕೆ ಒಪ್ಪಿರಲಿಲ್ಲ. "ನಿನ್ನ ಹೊಗಳಿಕಿ ನೀನ ಬರಕೊಂಡ್ರ ನಾ ಯಾಕ ಬೇಕವಾ?" ಎಂದು ಅವಳನ್ನು ಹಿಂದಕ್ಕೆ ಕಳಿಸಿದ್ದ.

ಆ ಭಾನುವಾರ ಕೆರೆಯ ದಂಡೆಯಲ್ಲಿ ರೇಣುಕಾ ಹೆದರುತ್ತಲೇ ಕೇಳಿದಳು. "ಸರ್, ಪತ್ರ..."

"ಬರೀತೇನವಾ. ಮೊದಲನೇ ವಾಕ್ಯ ತಲ್ಯಾಗ ಬಂದು ಕುಂತೈತಿ. ಉಳಿದದ್ದು ಅದರ ಬೆನ್ನ ಹತ್ತಿ ಬರತೈತಿ."

"ಏನಲೇ ಅದು ವಾಕ್ಯ?" ಎಂದೆ ನಾನು.

"ನಿನಗ ಹೇಳಿದ್ರ ಬೆಟಗೇರಿ ಮುಟ್ಟೂದ್ರಾಗ ಊರಿಗೆಲ್ಲ ಗೊತ್ತಾಗತೈತಿ. ಸುಮ್ನ ಗಾಡಿ ಹೊಡಿ, ಶಿವ್ಯಾ."

ವಾಪಸು ಬರುವಾಗ ಶಿರಹಟ್ಟಿಯಲ್ಲಿ ಗಿರ್ಮಿಟ್ ತಿಂದೆವು. ನನ್ನ ಪಾಲಿನ ಮಿರ್ಚಿಯನ್ನೂ ಅವನೇ ತಿಂದ. ಬೆಟಗೇರಿಯ ಅವನ ಮನೆಯ ಮುಂದೆ ಇಳಿಸಿದಾಗ, ಓಣಿಯ ಮಗ್ಗಗಳ ಸದ್ದಿನ ನಡುವೆ, "ನಾಳೆ ಸಿಗೂಣು" ಎಂದ. ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತನ್ನೂ ಅವನು ನಮಗೆ ಕೊಡಲಿಲ್ಲ.

ಮಣ್ಣು ಮಾಡಿ ಬಂದ ಮೇಲಿನ ದಿನಗಳ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಸ್ಟಾಫ್ ರೂಮಿನಲ್ಲಿ ಅವನ ಕುರ್ಚಿಯ ಮೇಲೆ ಯಾರೋ ಉತ್ತರ ಪತ್ರಿಕೆಗಳ ಕಟ್ಟು ಇಟ್ಟಿದ್ದರು. ಅದನ್ನು ತೆಗೆದು ಕೆಳಗಿಟ್ಟೆ. ಮರುದಿನ ಮತ್ತೆ ಇಟ್ಟಿದ್ದರು. ಮತ್ತೆ ತೆಗೆದೆ.

ಮಲ್ಲಪ್ಪನ ದಿವಸದ ಕಾರ್ಯ, ತಿಥಿಯೂಟ ಮುಗಿದ ಮೇಲೆ ಅವನ ಹೆಂಡತಿ ಸುನಂದಾ ವೈನಿ ನನ್ನನ್ನು ಮನೆಗೆ ಕರೆಸಿದರು. ರೇಣುಕಾ ಅಲ್ಲಿಯೇ ಇದ್ದಳು. ಅವಳು ಪತ್ರದ ಮಾತು ಎತ್ತಲು ಬಂದಿರಲಿಲ್ಲ, ವೈನಿಗೆ ಅಡಿಗೆಯಲ್ಲಿ ನೆರವಾಗಲು ಬಂದಿದ್ದಳು. ಮಾತು ಎತ್ತಿದವರು ವೈನಿಯೇ.

"ಅಣ್ಣಾರ, ಇವರ ಫೋನ್ ನನ್ನ ಹತ್ರ ಐತಿ. ತೆರಿಯೂದು ಗೊತ್ತೈತಿ ನನಗ. ಈ ಹುಡುಗಿ ಪತ್ರ ಕಳಿಸ್ರಿ ಅಂತ ಪರದೇಶದವರ ಇಮೇಲ್ ಅದರಾಗ ಬಂದಾವ. ಡಿಸೆಂಬರ್ ಬಂತು. ನೀವ ಬರದು ಅವರ ಹೆಸರಲೆ ಕಳಿಸಿಬಿಡ್ರಿ. ಅವರಿದ್ರ ಬ್ಯಾಡ ಅಂತಿದ್ರೇನು?"

ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅವನು ಬರೆಯಲು ಒಪ್ಪಿದ್ದ. ಅವನ ಮನಸ್ಸು ನನಗೆ ಗೊತ್ತಿತ್ತು. ಪರದೇಶದವರಿಗೆ ಬೆಟಗೇರಿಯ ಸಾವಿನ ಖಬರ ಹೇಗೆ ಮುಟ್ಟೀತು? ನಾನು ಕನ್ನಡಕ ತೆಗೆದು ಒರೆಸಿಕೊಂಡು ಫೋನಿಗೆ ಕೈ ಚಾಚಿದೆ.

ರೇಣುಕಾ ಬಾಗಿಲಲ್ಲಿ ಬಂದು ನಿಂತಿದ್ದಳು. "ಬ್ಯಾಡ್ರಿ ಬಾಟನಿ ಸರ್."

"ಯಾಕವಾ? ನಿನ್ನ ಸಲುವಾಗೇ ಅಲ್ಲೇನು?"

"ಸರ್ ಬರೀಲಾರದ್ದನ್ನ ಸರ್ ಬರದಾರ ಅಂತ ನಾ ಹೆಂಗ ಕಳಸ್ಲಿ? ಅವರು ನನಗ ಕಲಿಸಿದ್ದು ಇದಲ್ಲರಿ."

ವೈನಿಗೆ ಸಿಟ್ಟು ಬಂತು. "ಹಂಗಾರ ಮನ್ಯಾಗ ಕುಂತು ಶೇಂಗಾ ಸುಲಿ! ಎರಡ ವರ್ಷ ಆ ಲ್ಯಾಬಿನ್ಯಾಗ ದುಡದದ್ದು ನೀರಾಗ ಹೋಗ್ಲಿ. ಅವರಂಗ ಹಟಮಾರಿ ಆಗಿ ನೋಡು ನೀನೂ." ಹಾಗೆಂದವರೇ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ರೇಣುಕಾ ಅವರ ಹಿಂದೆಯೇ ಹೋದಳು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಇಬ್ಬರೂ ಅಳುವ ಸದ್ದು, ಆಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿತು.

ರೇಣುಕಾ ಆರೂ ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಪತ್ರ ಕೊಡಬೇಕಾಗಿದ್ದ ಅಧ್ಯಾಪಕರು ತೀರಿಕೊಂಡಿದ್ದಾರೆ, ಏನು ಮಾಡಲಿ ಎಂದು ಕೇಳಿದಳು. ಐದು ಕಡೆಯಿಂದ, ಬೇರೆಯವರ ಹೆಸರು ಕೊಡಿ ಎಂಬ ಉತ್ತರ ಬಂತು. ಆರನೆಯದು, ಜರ್ಮನಿಯದೇ ಒಂದು, ಉತ್ತರಿಸಲೇ ಇಲ್ಲ. ಜರ್ಮನಿಯ ಇನ್ನೊಂದು ಕಚೇರಿಯವರು ಸಂತಾಪ ಹೇಳಿ, ಪತ್ರಕ್ಕೆ ಒಂದು ವಾರ ಹೆಚ್ಚಿನ ಅವಕಾಶ ಕೊಟ್ಟರು. ಅವಳು ನನ್ನ ಹೆಸರು ಕೊಟ್ಟಳು.

ನನಗೆ ಗಾಬರಿಯಾಯಿತು. "ಮಿದುಳು ಓದೂ ಹುಡುಗಿಗೆ ಗಿಡದ ಮಾಸ್ತರ ಪತ್ರ ಬರದ್ರ ಯಾರು ಕಿಮ್ಮತ್ತು ಕೊಡ್ತಾರವಾ?" ಎಂದೆ.

"ನನ್ನ ಕೆಲಸ ಕಣ್ಣಾರೆ ಕಂಡವರು ಬರೀಬೇಕ್ರಿ. ಕೆರಿ ದಂಡಿ ಮ್ಯಾಲ ನಾವು ಮೂರೇ ಮಂದಿ ಇದ್ವಿ" ಎಂದಳು.

ಎರಡು ದಿನ ಕುಳಿತು ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಕಾಲೇಜು ಬಿಟ್ಟು ಹೋಗುವವರಿಗೆ ಕೊಡುವ ನಡತೆ ಪ್ರಮಾಣಪತ್ರವನ್ನು ಸಾವಿರಾರು ಬಾರಿ ಬರೆದ ಕೈ ನನ್ನದು. ಅದೇ ಹದದಲ್ಲಿ ಪತ್ರ ಇಳಿಯಿತು. ರೇಣುಕಾ ನೋಡುವ ಹಾಗಿರಲಿಲ್ಲವಾದ್ದರಿಂದ ಅದನ್ನು ವೈನಿಯ ಮುಂದೆ ಕನ್ನಡದಲ್ಲಿ ಓದಿ ಹೇಳಿದೆ. ಈ ವಿದ್ಯಾರ್ಥಿನಿ ಗೌರವಸ್ಥ ಮನೆತನದವಳು, ವಿಧೇಯಳು, ಸುಶೀಲೆ, ಹಿರಿಯರಲ್ಲಿ ಭಕ್ತಿಯುಳ್ಳವಳು, ಯಾವ ಕೆಲಸ ಕೊಟ್ಟರೂ ಎದುರು ಮಾತಾಡದೆ ಮಾಡುತ್ತಾಳೆ, ಎಂದು.

ವೈನಿ ಕೇಳಿ, ಮಲ್ಲಪ್ಪ ಹೋದ ಮೇಲೆ ಮೊದಲ ಸಲ ನಕ್ಕರು. "ಅಣ್ಣಾರ, ಕನ್ಯಾ ನೋಡಾಕ ಬಂದವರಿಗೆ ಹೇಳಿದಂಗ ಆತಲ್ರಿ! ಚಲೋ ರೊಟ್ಟಿ ಮಾಡ್ತಾಳ ಅಂತ ಒಂದು ಸೇರಿಸಿಬಿಡ್ರಿ, ಜರ್ಮನಿಯವರು ತಾಟು ಹಿಡಕೊಂಡು ಬರ್ತಾರ."

ನನಗೂ ನಗು ಬಂತು. ಆಮೇಲೆ ಅವರು ಮೆಲ್ಲಗೆ ಕೇಳಿದರು. "ಎದುರ ಮಾತಾಡಂಗಿಲ್ಲ ಅಂತ ಯಾರಂದ್ರಿ ನಿಮಗ? ಆ ಚೀಟಿ ಅಂಟಿಸಿದ್ದು ಮರ್ತ್ರೇನು?"

ಮರೆತಿರಲಿಲ್ಲ. ಅದು ಪತ್ರದಲ್ಲಿ ಬರೆಯುವ ಸಂಗತಿ ಎಂದು ಹೊಳೆದಿರಲಿಲ್ಲ, ಅಷ್ಟೇ.

ರೇಣುಕಾ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ನಡೆದದ್ದು. ಆ ಚಳಿಗಾಲವೆಲ್ಲ ಅವಳು ಮತ್ತು ಮಲ್ಲಪ್ಪ ಕೆರೆಯಲ್ಲಿ ಮಲಗುವ ಹೆಬ್ಬಾತುಗಳ ಕಣ್ಣು ನೋಡುತ್ತಿದ್ದರು. ಹಿಂಡಿನ ಅಂಚಿನಲ್ಲಿರುವ ಹಕ್ಕಿ ಕೆಲವೊಮ್ಮೆ ಒಂದು ಕಣ್ಣು ಮುಚ್ಚಿ, ಹೊರಗಿನ ಕಡೆಯ ಕಣ್ಣನ್ನು ತೆರೆದೇ ಮಲಗುತ್ತದೆ. ಕೆಲವು ಜಾತಿಯ ಹಕ್ಕಿಗಳಲ್ಲಿ ಮಿದುಳಿನ ಅರ್ಧ ಮಾತ್ರ ನಿದ್ದೆ ಮಾಡಿ ಉಳಿದರ್ಧ ಎಚ್ಚರವಿರುತ್ತದೆ ಎಂದು ವಿಜ್ಞಾನ ಹೇಳುತ್ತದೆ. ಕಾಲೇಜುಗಳ ವಿಜ್ಞಾನ ಪ್ರದರ್ಶನಕ್ಕೆ ಮಲ್ಲಪ್ಪ ತನ್ನ ಕೈಯಾರೆ ದೊಡ್ಡ ಅಕ್ಷರದಲ್ಲಿ ಬರೆದ. 'ಮಾಗಡಿ ಕೆರೆಯ ಹೆಬ್ಬಾತು: ಅರ್ಧ ಮಿದುಳು ನಿದ್ದೆ, ಅರ್ಧ ಮಿದುಳು ಎಚ್ಚರ.' ಅವನ ಅಕ್ಷರ ಮುತ್ತಿನಂತಿತ್ತು. ತೀರ್ಪುಗಾರರು ಬರುವ ಸ್ವಲ್ಪ ಮೊದಲು ರೇಣುಕಾ ಅದರ ಮೇಲೆ ಒಂದು ಬಿಳಿ ಚೀಟಿ ಅಂಟಿಸಿದಳು. 'ಒಂದು ಕಣ್ಣು ಮುಚ್ಚಿದೆ, ಒಂದು ಕಣ್ಣು ತೆರೆದಿದೆ.'

"ಏನವಾ ಇದು?" ಮಲ್ಲಪ್ಪನ ಮುಖ ಕೆಂಪಾಗಿತ್ತು.

"ಸರ್, ನಾವು ನೋಡಿದ್ದು ಕಣ್ಣ ಅಷ್ಟ ಅಲ್ರೀ? ಮಿದುಳು ನಾವೆಲ್ಲಿ ನೋಡೀವಿ?"

ಒಂದು ಕಣ್ಣು ಮುಚ್ಚಿದ ಹಕ್ಕಿಗೆ ಯಾರು ಬಹುಮಾನ ಕೊಡುತ್ತಾರೆ? ಪಕ್ಕದ ಮೇಜಿನ, ಹೊಗೆ ಉಗುಳುವ ಜ್ವಾಲಾಮುಖಿಗೆ ಬಂತು. ಮಲ್ಲಪ್ಪ ಒಂದು ಚಹಾ ಕುಡಿದು ಮುಗಿಸಿದ. ಆಮೇಲೆ ನನ್ನ ಬೆನ್ನಿಗೆ ಗುದ್ದಿ, ಅವಳಿಗೂ ಕೇಳುವಂತೆ, "ಬಹುಮಾನ ಹೋತಲೇ ಶಿವ್ಯಾ, ಆದ್ರ ಹುಡುಗಿ ಸಿಕ್ಕಳು" ಎಂದ. ಅಂದಿನಿಂದ ಕೆರೆಯ ದಂಡೆಯಲ್ಲಿ ಅವಳು ದುರ್ಬೀನಿಗೆ ಕಣ್ಣಿಟ್ಟು ಹೇಳುವವಳು, ಅವನು ಪಕ್ಕದಲ್ಲಿ ಕುಳಿತು ಬರೆದುಕೊಳ್ಳುವವನು. ಆ ಮಿದುಳನ್ನು ನಿಜವಾಗಿ ನೋಡುವುದಕ್ಕೆಂದೇ ಅವಳು ಇಷ್ಟು ದೂರದ ಓದಿಗೆ ಮನಸ್ಸು ಮಾಡಿದ್ದು.

ನಡತೆ ಪ್ರಮಾಣಪತ್ರವನ್ನು ಹರಿದು ಹಾಕಿದೆ. ಆ ಚೀಟಿಯ ಸಂಗತಿಯನ್ನು ನಡೆದ ಹಾಗೆಯೇ ಬರೆದೆ. ನಾನು ಸಸ್ಯಶಾಸ್ತ್ರದವನು, ಹಕ್ಕಿಯಾಗಲಿ ಮಿದುಳಾಗಲಿ ನನ್ನ ವಿಷಯವಲ್ಲ, ನಾನು ಸ್ಕೂಟರ್ ಹೊಡೆಯುತ್ತಿದ್ದವನು ಎಂದೂ ಬರೆದೆ. ಈ ಹುಡುಗಿ ಎದುರು ಮಾತಾಡುತ್ತಾಳೆ, ತಾನು ಕಂಡದ್ದಕ್ಕಿಂತ ಒಂದು ಎಳೆ ಹೆಚ್ಚು ಹೇಳುವುದಿಲ್ಲ, ಇದನ್ನು ನನಗಿಂತ ಚೆನ್ನಾಗಿ ಬಲ್ಲವನು ತೀರಿಕೊಂಡಿದ್ದಾನೆ ಎಂದು ಮುಗಿಸಿದೆ. ಬರೆಯುವಾಗ ಅವಳ ಬಗ್ಗೆ ಬರೆಯುತ್ತಿದ್ದೇನೋ ಮಲ್ಲಪ್ಪನ ಬಗ್ಗೆಯೋ ನನಗೇ ತಿಳಿಯದಾಗುತ್ತಿತ್ತು. ಕಳಿಸುವ ಗುಂಡಿಯನ್ನು ವೈನಿ ಒತ್ತಿದರು.

ಜನವರಿಯಿಂದ ಅಮೆರಿಕದ ಉತ್ತರಗಳು ಬರತೊಡಗಿದವು. ನಾಲ್ಕೂ ಕಡೆ ಇಲ್ಲವೆಂದರು. ರೇಣುಕಾಳ ತಂದೆ ಬಸಪ್ಪ ನನ್ನನ್ನು ಲಕ್ಷ್ಮೇಶ್ವರದ ಸಂತೆಯಲ್ಲಿ ಹಿಡಿದು ನಿಲ್ಲಿಸಿದರು. "ಸರ್, ಮುಂಡರಗಿ ಕಡೆ ಒಂದು ಹೈಸ್ಕೂಲಿನ್ಯಾಗ ಮಾಸ್ತರಕಿ ಖಾಲಿ ಐತಂತ. ಈಕಿಗೆ ನೀವರ ಹೇಳ್ರಿ. ಆ ಹಕ್ಕಿ ನಮ್ಮ ಹೊಲದಾಗಿನ ಶೇಂಗಾ ತಿಂದು ತಿಂದು ಸಾಕಾಗೇತಿ, ಈಗ ಮಗಳನ್ನೂ ತಿನ್ನಾಕತ್ಯಾವು." ನಗುತ್ತಲೇ ಹೇಳಿದರು. ಕಣ್ಣಿನಲ್ಲಿ ನಗು ಇರಲಿಲ್ಲ. ಒಂದು ತಿಂಗಳು ತಡೆಯಿರಿ ಎಂದು ನಾನು ಕೈ ಮುಗಿದೆ.

ಫೆಬ್ರುವರಿಯಲ್ಲಿ, ಪತ್ರಕ್ಕೆ ಅವಕಾಶ ಕೊಟ್ಟ ಆ ಜರ್ಮನಿಯವರು ವಿಡಿಯೋದಲ್ಲಿ ಸಂದರ್ಶನಕ್ಕೆ ಕರೆದರು. ಮಾಗಡಿಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲವೆಂದು ರೇಣುಕಾ ವೈನಿಯ ಮನೆಯಲ್ಲಿ, ಮಲ್ಲಪ್ಪನ ಮೇಜಿನ ಮುಂದೆ ಕುಳಿತಳು. ವೈನಿ ಓಣಿಗೆ ಹೋಗಿ ಅಕ್ಕಪಕ್ಕದ ಮನೆಗಳವರಿಗೆ ಹೇಳಿದ್ದರಿಂದ ಆ ಮಧ್ಯಾಹ್ನ ಮಗ್ಗಗಳು ನಿಂತಿದ್ದವು. ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಬಹಳ ಹೊತ್ತು ನರಕೋಶಗಳ ಮಾತೇ ನಡೆಯಿತು, ನನಗೆ ಅರ್ಥವಾಗಲಿಲ್ಲ. ಕೊನೆಗೆ ಒಬ್ಬ ಹೆಂಗಸು ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಆ ಚೀಟಿ ಅಂಟಿಸಿದಾಗ ನಿಮ್ಮ ಅಧ್ಯಾಪಕರು ಏನೆಂದರು?

ಪತ್ರದಲ್ಲಿ ನಾನು ಅದನ್ನು ಬರೆದಿರಲಿಲ್ಲ. ಬರೆಯಲು ಕೈ ಬಂದಿರಲಿಲ್ಲ. ರೇಣುಕಾ, ಬಹುಮಾನ ಹೋಯಿತು, ಹುಡುಗಿ ಸಿಕ್ಕಳು ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಕಡೆ ಯಾರೋ ನಕ್ಕರು. ವೈನಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಮಾರ್ಚ್ ತಿಂಗಳಲ್ಲಿ ಸೀಟು ಸಿಕ್ಕಿತು. ಓದುವಷ್ಟು ವರ್ಷ ಸಂಬಳ ಅವರೇ ಕೊಡುತ್ತಾರೆ ಎಂಬುದನ್ನು ಬಸಪ್ಪ ಮೂರು ಸಲ ಕೇಳಿದರು, ಮೂರು ಸಲವೂ ನಂಬಲಿಲ್ಲ. ಆದರೂ ಒಂದು ಚೀಲ ಶೇಂಗಾ ತಂದು ನನ್ನ ಮನೆಯಲ್ಲಿ ಇಳಿಸಿ, "ಹಕ್ಕಿ ಬಿಟ್ಟದ್ದು ಇಷ್ಟರಿ ಸರ್" ಎಂದರು.

ನಾನು ಈಗ ನಿವೃತ್ತ. ಇನ್ನೊಬ್ಬರ ಬಗ್ಗೆ ಬರೆಯಬೇಕಾದಾಗ ಕಣ್ಣಿಗೆ ಕಂಡಷ್ಟನ್ನು ಬರೆಯಬೇಕು, ನಮ್ಮ ಹೆಸರಿನಲ್ಲೇ ಬರೆಯಬೇಕು. ಮೂವತ್ತು ವರ್ಷ ಪಾಠ ಹೇಳಿದ ನಾನು ಇದನ್ನು ಕಲಿತದ್ದು ಕೆಲಸದ ಕೊನೆಯಲ್ಲಿ, ನನ್ನದೇ ವಿದ್ಯಾರ್ಥಿನಿಯಿಂದ. ಆಮೇಲೆ ನಾನು ಯಾರಿಗೂ 'ವಿಧೇಯ, ಸುಶೀಲ' ಎಂದು ಬರೆದುಕೊಡಲಿಲ್ಲ.

ಮೊನ್ನೆ ರೇಣುಕಾ ಒಂದು ಚಿತ್ರ ಕಳಿಸಿದ್ದಳು. ಮಲಗಿದ ಹಕ್ಕಿಯ ಮಿದುಳಿನ ಎರಡು ಅರ್ಧಗಳಿಂದ ಬಂದ ಎರಡು ಗೆರೆಗಳು, ಒಂದು ದೊಡ್ಡ ಅಲೆಗಳಾಗಿ ನಿಧಾನಕ್ಕೆ, ಇನ್ನೊಂದು ಸಣ್ಣಗೆ ಚುರುಕಾಗಿ. ಕೆಳಗೆ, "ಈಗ ನೋಡಿದೆ ಸರ್" ಎಂದಿತ್ತು. ಅದನ್ನು ವೈನಿಗೆ ತೋರಿಸಲು ಬೆಟಗೇರಿಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಅಣ್ಣಾರ, ಆ ಪತ್ರದಾಗ ಅವರು ಬರೀಬೇಕಂದಿದ್ದು ಏನಿತ್ತು? ನಿಮಗರ ಹೇಳಿದ್ರೇನು?" ಎಂದು ಕೇಳಿದರು. ಇಲ್ಲವೆಂದೆ.

ನನ್ನ ಪತ್ರ ಹೋಯಿತು, ಹುಡುಗಿ ಹೋದಳು, ಈ ವರ್ಷವೂ ಕೆರೆಗೆ ಹೆಬ್ಬಾತುಗಳು ಬಂದಿವೆ. ಮಲ್ಲಪ್ಪನ ತಲೆಯಲ್ಲಿ ಬಂದು ಕುಳಿತಿದ್ದ ಆ ಮೊದಲನೇ ವಾಕ್ಯ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.