ಅತ್ತೆಯ ನಾಲಿಗೆ ದಿನ

ನಮ್ಮತ್ತೆ ಮೈ ಇಳಿಸಲು ಹೊರಟದ್ದು ನಾನು ಆ ಮನೆಗೆ ಸೊಸೆಯಾಗಿ ಬಂದ ಮರುವರ್ಷ. ಅರವತ್ತರ ದಶಕದ ನಡುಭಾಗ, ಅಕ್ಕಿಗಾಗಿ ಊರೂರೇ ಪರದಾಡುತ್ತಿದ್ದ ಕಾಲ. ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಗೆ ಪೆರಿಯಾರ್ ನೀರು ಬರುತ್ತಿದ್ದುದರಿಂದ ನಮಗೆ ಅದರ ಬಿಸಿ ಅಷ್ಟು ತಟ್ಟಿರಲಿಲ್ಲ. ಆದರೂ ತಿನ್ನಲು ಇಲ್ಲವೆಂದು ಜನ ಸಂಕಟಪಡುವಾಗ, ತಿನ್ನಬೇಡಿ ಎಂದು ಡಾಕ್ಟರಿಂದ ಹೇಳಿಸಿಕೊಂಡು ಬಂದವರು ನಮ್ಮೂರು ಗೂಡಲೂರಿನ ಸುತ್ತಮುತ್ತ ಅವರೊಬ್ಬರೇ. ಅದಕ್ಕೆ ಮೊದಲು ನಕ್ಕವರೂ ಅವರೇ.

ಅತ್ತೆ ದೊಡ್ಡಾಳು. ಬಾಗಿಲಿಗೆ ಬಂದು ನಿಂತರೆ ಹಜಾರದ ಬೆಳಕು ಮಂಕಾಗುತ್ತಿತ್ತು. ಹಾಗಿದ್ದೂ ನಮ್ಮ ಕೇರಿಯ ಕುಮ್ಮಿಗೆ ಅವರೇ ಮುಂದಾಳು. ಹೆಂಗಸರು ಸುತ್ತು ನಿಂತು, ಪದ ಹಾಡುತ್ತಾ, ಚಪ್ಪಾಳೆ ತಟ್ಟುತ್ತಾ ಬಗ್ಗಿ ಎದ್ದು ಕುಣಿಯುವುದಕ್ಕೆ ನಮ್ಮಲ್ಲಿ ಕುಮ್ಮಿ ಅನ್ನುತ್ತಾರೆ. ಅತ್ತೆ ಪದ ಎತ್ತಿದರೆ ಮೂಲೆಯಲ್ಲಿ ಕೂತ ಮುದುಕಿಯರ ಕೈಯೂ ತಾನಾಗಿ ತಟ್ಟಿಕೊಳ್ಳುತ್ತಿತ್ತು. ಆದರೆ ಎರಡು ವರ್ಷದಿಂದ ಅವರ ಮಂಡಿ ಹಟ ಹಿಡಿದಿತ್ತು. ಬಗ್ಗಿದರೆ ಏಳಲಾಗದು, ಎದ್ದರೆ ಬಗ್ಗಲಾಗದು. ಅಂಥ ಹೊತ್ತಿನಲ್ಲಿ ನನ್ನ ನಾದಿನಿಗೆ ದಿಂಡಿಗಲ್ಲಿನ ಹುಡುಗನೊಬ್ಬ ಗೊತ್ತಾದ. ನಮ್ಮ ಹಾಗೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬ. ಮದುವೆ ತೈ ತಿಂಗಳಿಗೆ, ಅಂದರೆ ಸಂಕ್ರಾಂತಿ ಕಳೆದ ಮೇಲೆ ಎಂದು ನಿಶ್ಚಯವಾಯಿತು.

"ಮಗಳ ಮದುವೇಲಿ ನಾನು ಕುಮ್ಮಿ ತಟ್ಟದೆ ಇರ್ತೀನಾ?" ಎಂದು ಅತ್ತೆ ಮಾವನನ್ನು ಹೊರಡಿಸಿದರು. ಜೊತೆಗೆ ನನ್ನನ್ನೂ ಕರೆದುಕೊಂಡು ಪೆರಿಯಕುಳಂನ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ಕಡ್ಡಿಯಂತಿದ್ದರು. ಅತ್ತೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಹೋಗಿ ಕೊನೆಗೆ ಬಡಿದು ಅಲ್ಲೇ ನಿಂತಿತು. "ಉಡಂಬು ಇಳೈಕ್ಕಣುಂ" ಅಂದರು, ಮೈ ಇಳಿಯಬೇಕು ಅಂತ. ಅನ್ನ ಬೇಡ, ಎಣ್ಣೆ ಬೇಡ, ಬೆಲ್ಲ ಬೇಡ. ಸಣ್ಣ ರಾಗಿಮುದ್ದೆ, ಸೊಪ್ಪಿನ ಸಾರು, ನೀರುಮಜ್ಜಿಗೆ. ದಿನಾ ಕಾಲುವೆ ಏರಿ ಮೇಲೆ ನಡಿಗೆ. ಅತ್ತೆ ಎಲ್ಲಕ್ಕೂ ತಲೆಯಾಡಿಸಿ ಹೊರಗೆ ಬಂದು, ಬಸ್ಸಿಗೆ ಕಾಯುವಾಗ ನನ್ನ ಸೊಂಟದ ಕಡೆ ನೋಡಿದರು. ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು.

"ಕಣ್ಣು, ನೀನೂ ಬಂದ ಮೇಲೆ ಉಬ್ಬಿದ್ದೀ. ಒಬ್ಬಳೇ ಮುದ್ದೆ ನುಂಗೋಕೆ ನನ್ನಿಂದ ಆಗದು. ಸೇರಿಕೋ."

ಹಾಗೆ ನಾನೂ ಸೇರಿಕೊಂಡೆ. ಆ ಮನೆಗೆ ಬಂದ ಮೇಲೆ ನಿಜವಾಗಿ ಉಬ್ಬಿದ್ದೆ. ಅತ್ತೆಯ ಕೈಯಡುಗೆ ಹಾಗಿತ್ತು.

ಮಾವ ಮಾತು ಕಮ್ಮಿಯವರು. ಆದರೆ ಹಿಡಿದ ಕೆಲಸ ಬಿಡುವವರಲ್ಲ. ಹುಣಸೆಹಣ್ಣು ತೂಗುವ ನಮ್ಮ ದೊಡ್ಡ ತಕ್ಕಡಿಯನ್ನು ಕಣದ ಕೊಟ್ಟಿಗೆಯ ತೊಲೆಗೆ ನೇತುಹಾಕಿದರು. ಒಂದು ತಟ್ಟೆಯಲ್ಲಿ ಅತ್ತೆ, ಇನ್ನೊಂದರಲ್ಲಿ ಭತ್ತದ ಮೂಟೆ, ಅದರ ಮೇಲೆ ತೂಕದ ಕಲ್ಲುಗಳು. ಮೊದಲ ಸಲ ಮೂಟೆ, ಕಲ್ಲು ಎಲ್ಲ ಹೇರಿದರೂ ಅತ್ತೆ ನೆಲ ಬಿಟ್ಟು ಏಳಲಿಲ್ಲ. ಮಾವ ಸುತ್ತ ನೋಡಿ ಒರಳುಗುಂಡನ್ನು ಎತ್ತಿ ತಂದಿಟ್ಟರು. ಆಗ ಅತ್ತೆ ಮೆಲ್ಲಗೆ ಮೇಲೆದ್ದು, ಸರಪಳಿ ಹಿಡಿದುಕೊಂಡು, ಉಯ್ಯಾಲೆಯಲ್ಲಿ ಕೂತ ಹುಡುಗಿಯಂತೆ ಕಾಲಾಡಿಸುತ್ತಾ ಪದ ಹಾಡತೊಡಗಿದರು. ನಾದಿನಿಯೂ ನಾನೂ ನಕ್ಕು ನಕ್ಕು ಹುಲ್ಲಿನ ಮೇಲೆ ಬಿದ್ದೆವು. ಮಾವನ ಮೀಸೆ ಮಾತ್ರ ಅಲುಗಲಿಲ್ಲ.

"ಅಲುಗಾಡಬೇಡ. ತೂಕ ತಪ್ಪುತ್ತೆ," ಅಂದರು.

ಮೊದಲ ಕೆಲವು ವಾರ ಅತ್ತೆ ವ್ರತ ಹಿಡಿದಂತೆ ನಡೆದುಕೊಂಡರು. ಒರಳುಗುಂಡು ತಟ್ಟೆಯಿಂದ ಇಳಿಯಿತು. ಆದರೆ ಅತ್ತೆಯ ನಗುವೂ ಅದರ ಜೊತೆ ಇಳಿದುಹೋಯಿತು. ಪಾತ್ರೆ ಇಟ್ಟರೆ ಸದ್ದು, ಬಾಗಿಲು ಹಾಕಿದರೆ ಸದ್ದು. ಹಸು ಕೂಡ ಅವರ ಕೈಗೆ ಹಾಲು ಬಿಡದೆ ಕಾಲು ಝಾಡಿಸುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯಲ್ಲಿ ಪಣಿಯಾರ ಹಾಕುತ್ತಿದ್ದರು. ನೀವು ಗುಳಿಯಪ್ಪ ಅನ್ನುವುದನ್ನೇ ನಾವು ತಾಟಿಬೆಲ್ಲ ಹಾಕಿ ಮಾಡುತ್ತೇವೆ. ವಾಸನೆ ಗೋಡೆ ದಾಟಿ ಬಂತು. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ, ಮಡಿಲಲ್ಲಿದ್ದ ಸೊಪ್ಪಿನ ಮೇಲೆಯೇ ಗಳಗಳನೆ ಅತ್ತುಬಿಟ್ಟರು.

ಅಂದು ಉಂಡ ಮೇಲೆ ಅವರು ಮಾವನ ಎದುರು ಕೂತರು. "ಇಲ್ಲಿ ಕೇಳಿ. ವಾರಕ್ಕೊಂದು ದಿನ ನನ್ನ ನಾಲಿಗೇನ ಬಿಟ್ಟುಬಿಡಿ. ಸಂತೆ ದಿನ ನಾನು ಬೇಕಾದ್ದು ತಿಂತೀನಿ. ಮಿಕ್ಕ ದಿನ ನೀವು ಹೇಳಿದ್ದು."

"ಏರೀಲಿ ಒಂದೇ ಒಂದು ಬಿಲ ಇದ್ರೂ ಕೆರೆ ನಿಲ್ಲಲ್ಲ," ಅಂದರು ಮಾವ.

"ಕೋಡಿ ಇಲ್ಲದ ಕೆರೆ ಏರಿ ಒಡ್ಕೊಂಡು ಹೋಗುತ್ತೆ. ನೀರು ಕಟ್ಟೋರಿಗೆ ನಾನು ಹೇಳಿಕೊಡಬೇಕಾ?"

ಮಾವ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ಬದುಕಿಡೀ ಕೆರೆ ಕಾಲುವೆ ನೋಡಿದವರಿಗೆ ಆ ಮಾತಿಗೆ ಎದುರಾಡುವುದು ಕಷ್ಟವೇ. "ಸರಿ, ನೋಡೋಣ," ಅಂದರು. ಅತ್ತೆ ಅದಕ್ಕೆ ನಾಲಿಗೆ ದಿನ ಎಂದು ಹೆಸರಿಟ್ಟರು.

ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಭತ್ತ ಕುಟ್ಟುವಾಗ, ಬಟ್ಟೆ ಒಗೆಯುವಾಗ, ಕಾಲುವೆ ಏರಿಯ ಮೇಲೆ ಏದುಸಿರು ಬಿಡುತ್ತಾ ನಡೆಯುವಾಗ ಅತ್ತೆಯದು ಒಂದೇ ಚಿಂತೆ. "ಕಣ್ಣು, ಮೊದಲು ಪಣಿಯಾರವಾ, ವಡೆಯಾ? ವಡೆ ಮೊದಲು ತಿಂದ್ರೆ ಹೊಟ್ಟೆ ತುಂಬಿಬಿಡುತ್ತೆ. ಪಣಿಯಾರ ಮೊದಲು ತಿಂದ್ರೆ ಆಮೇಲೆ ಖಾರ ರುಚಿಸಲ್ಲ." ನಾನೂ ಗಂಭೀರವಾಗಿ ಯೋಚಿಸಿ ಉತ್ತರ ಹೇಳುತ್ತಿದ್ದೆ. ಮುದ್ದೆ ನುಂಗುವಾಗಲೂ ಅವರ ಕಣ್ಣು ಹೊಳೆಯುತ್ತಿತ್ತು. ಹಸು ಹಾಲು ಬಿಟ್ಟಿತು.

ಸಂತೆ ದಿನ ಕಂಬಂನಲ್ಲಿ ಬಸ್ಸಿಳಿದವರೇ ನೇರ ಪಣಿಯಾರದ ಅಜ್ಜಿಯ ಮುಂದೆ ಕೂತೆವು. ಮುತ್ತುಗದ ಎಲೆಯಲ್ಲಿ ಬಿಸಿಬಿಸಿ ಪಣಿಯಾರ ಬಿತ್ತು. ಅತ್ತೆ ಮೊದಲನೆಯದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಸುತ್ತ ದನದ ವ್ಯಾಪಾರ, ಮಣ್ಣಿನ ಗಡಿಗೆ, ಹುರಿಹಗ್ಗ, ಕೂಗಾಟ. ಅವರಿಗೆ ಯಾವುದೂ ಕೇಳಿಸುತ್ತಿರಲಿಲ್ಲ. ಆಮೇಲೆ ವಡೆ. ಆಮೇಲೆ ಓಡೈಪಟ್ಟಿಯ ಕಡೆಯಿಂದ ಬುಟ್ಟಿಯಲ್ಲಿ ಬಂದಿದ್ದ ಕಪ್ಪು ದ್ರಾಕ್ಷಿ. ಆಮೇಲೆ ಹಲ್ವ. ಕೊನೆಗೆ, ಜೀರ್ಣವಾಗಲಿ ಎಂದು ಒಣಶುಂಠಿಯ ಸುಕ್ಕು ಕಾಫಿ. ಅದನ್ನು ಬರಿದೇ ಕುಡಿಯಬಾರದೆಂದು ಚಕ್ಕುಲಿಯಂಥ ಮುರುಕು. ಮನೆಗೆ ಬಂದರೆ ರಾತ್ರಿಗೆ ಕೋಳಿ ಸಾರು.

ಮರುದಿನ ಮಾವ ತಕ್ಕಡಿ ಹಿಡಿದರು. ಇಳಿದಿದ್ದ ಒರಳುಗುಂಡು ತಿರುಗಿ ಏರಿತು. ಅದರ ಮುಂದಿನ ಸಂತೆಯ ಮಾರನೆಯ ದಿನವೂ ಅದೇ ಕತೆ. ಮಾವ ಕೈ ಝಾಡಿಸಿ, "ಬಿಲ ಬಿಲವೇ. ನಾಲಿಗೆ ದಿನ ಮುಗೀತು," ಅಂದರು. ಅತ್ತೆಗೆ ಹೊಟ್ಟೆ ಉಬ್ಬರಿಸಿ ನಿಲ್ಲಲೂ ಆಗುತ್ತಿರಲಿಲ್ಲವಾದ್ದರಿಂದ ತಕರಾರು ತೆಗೆಯಲಿಲ್ಲ.

ಆಮೇಲಿನದು ಇನ್ನೂ ಚೆಂದ. ಒಂದು ತಿಂಗಳು ಅತ್ತೆ ಎಲ್ಲರೆದುರು ಬರೀ ಮುದ್ದೆ ಉಂಡರು. ಆದರೆ ತೂಕ ಕಲ್ಲು ಹಾಕಿದಂತೆ ಅಲ್ಲೇ ಕೂತಿತು. ಮಾವನಿಗೆ ತಕ್ಕಡಿಯ ಮೇಲೆಯೇ ಅನುಮಾನ ಬಂದು, ಅಕ್ಕಪಕ್ಕದವರನ್ನು ಕರೆದು ತೂಗಿ ನೋಡಿದರು. ತಕ್ಕಡಿ ಸರಿಯಾಗಿಯೇ ಇತ್ತು. ಒಂದು ಮಧ್ಯಾಹ್ನ ನಾನು ಮೆಣಸಿನಕಾಯಿ ತರಲು ಉಗ್ರಾಣಕ್ಕೆ ಹೋದರೆ ಮೂಟೆಗಳ ನಡುವೆ ಅತ್ತೆ ಕೂತಿದ್ದರು. ಒಂದು ಕೈಯಲ್ಲಿ ಬೆಲ್ಲದಚ್ಚು, ಇನ್ನೊಂದರಲ್ಲಿ ಕೊಬ್ಬರಿ ಗಿಟುಕು. ಕೆನ್ನೆ ಎರಡೂ ತುಂಬಿತ್ತು. ನನ್ನನ್ನು ನೋಡಿ ಮಾತಾಡಲಾಗದೆ ಬರೀ ಕೈಯಾಡಿಸಿ, ಬಾ, ಕೂತುಕೋ ಎಂದು ಕರೆದರು. ನಾನು ಹೋಗಿ ಕೂತೆ. ನಗು ಬಂದು ಅವರ ಬಾಯಿಂದ ಕೊಬ್ಬರಿ ಎಲ್ಲ ನನ್ನ ಮೇಲೆ ಸಿಡಿಯಿತು.

ಅಂದು ಸಂಜೆ ಅವರೇ ಹೋಗಿ ಮಾವನಿಗೆ ಹೇಳಿಬಿಟ್ಟರು. "ಆ ಒಂದು ದಿನ ಇಲ್ಲ ಅಂದ್ರೆ ನನಗೆ ಎಲ್ಲಾ ದಿನವೂ ಆ ದಿನವೇ. ಒಂದು ದಿನ ಇದ್ರೆ ಮಿಕ್ಕ ದಿನ ಬಾಯಿ ಕಟ್ಟಿ ಇರ್ತೀನಿ. ಯಾವುದು ಬೇಕೋ ನೀವೇ ಹೇಳಿ."

ಮಾವ ಮೊದಲ ಸಲ ನಕ್ಕರು. ಆಮೇಲೆ ಇಬ್ಬರೂ ಕೂತು ಕಟ್ಟಳೆ ಮಾಡಿದರು. ನಾಲಿಗೆ ದಿನ ಅಂದರೆ ಇಡೀ ದಿನವಲ್ಲ, ಸಂತೆಯಲ್ಲಿ ಒಂದು ಸಲ ಕೂತು ತಿಂದು ಎದ್ದರೆ ಮುಗಿಯಿತು. ಎದ್ದ ಮೇಲೆ ತಿರುಗಿ ಕೂರುವಂತಿಲ್ಲ. ತೂಗುವುದು ಸಂತೆಯ ಹಿಂದಿನ ದಿನ, ಮಾರನೆಯ ದಿನವಲ್ಲ. ಸಂತೆಯಿಂದ ಬರುವಾಗ ಬಸ್ಸಿಲ್ಲ, ನಡಿಗೆ.

ಆ ಕಟ್ಟಳೆ ಹಿಡಿಯಿತು. ಅತ್ತೆ ಆ ಒಂದು ಸಲಕ್ಕೆ ಏನೇನು ಎಂದು ವಾರವಿಡೀ ಆರಿಸಿ, ಅಳೆದು, ಬಿಟ್ಟು, ಮತ್ತೆ ಆರಿಸಿ, ಕೊನೆಗೆ ಐದಾರು ಪಣಿಯಾರಕ್ಕೆ ಬಂದು ನಿಲ್ಲುತ್ತಿದ್ದರು. ಅದನ್ನು ಎಷ್ಟು ನಿಧಾನವಾಗಿ ತಿನ್ನುತ್ತಿದ್ದರೆಂದರೆ ಅಜ್ಜಿಯ ಒಲೆಯೇ ಒಂದು ಸಲ ಆರಿಹೋಗಿತ್ತು. ಬರುವಾಗ ಗದ್ದೆಗಳ ನಡುವೆ ಹಾಡುತ್ತಾ ನಡೆಯುತ್ತಿದ್ದೆವು. ಒರಳುಗುಂಡು ಇಳಿಯಿತು, ಕಲ್ಲುಗಳು ಒಂದೊಂದಾಗಿ ಇಳಿದವು. ಅವರ ರವಿಕೆಗಳನ್ನು ನಾದಿನಿ ಬಿಚ್ಚಿ ಒಳಗೆ ಹಿಡಿದು ಹೊಲಿದಳು.

ನನ್ನ ಪಾಡು ಬೇರೆಯೇ. ನಾಲಿಗೆ ದಿನ ಅತ್ತೆಗೆ ಕೋಡಿಯಾದರೆ ನನಗೆ ಬಿಲವಾಯಿತು. ಒಂದು ಪಣಿಯಾರ ತಿಂದರೆ ಮುಂದಿನ ನಾಲ್ಕು ದಿನ ಮುದ್ದೆಯನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ರುಚಿ ಕಾಣದೆ ಇದ್ದಾಗಲೇ ಹಾಯಾಗಿದ್ದೆ. ಅತ್ತೆಗೆ ಹಾಗೆಂದು ಹೇಳಿದರೆ, "ಹಾಗಾದ್ರೆ ನೀನು ಬರೀ ನನ್ನ ಜೊತೆ ಕೂತು ನೋಡು," ಅಂದರು. ಪಕ್ಕದಲ್ಲಿ ಕೂತು ಬರೀ ನೋಡುವುದು ಯಾರಿಂದ ಆಗುತ್ತದೆ? ತಿಂದೆ, ಸಿಟ್ಟಾದೆ, ಮತ್ತೆ ತಿಂದೆ. ನನ್ನ ತಟ್ಟೆಯ ಎದುರಿನ ಕಲ್ಲು ಇದ್ದಲ್ಲೇ ಇತ್ತು.

ಕಾರ್ತಿಕದ ಒಂದು ಸಂತೆ ದಿನ ಅಜ್ಜಿಯ ಮುಂದೆ ಕೂತಾಗ, ಎಣ್ಣೆಯ ವಾಸನೆ ಬಂದದ್ದೇ ನನಗೆ ಹೊಟ್ಟೆ ತೊಳಸಿತು. ಎಲೆಯನ್ನು ದೂರ ಸರಿಸಿ ಮುಖ ತಿರುಗಿಸಿದೆ. ಪಕ್ಕದಲ್ಲಿ ಹುಣಸೆಕಾಯಿ ಮಾರುವವಳಿದ್ದಳು. ಅದರ ಮೇಲೆ ನನ್ನ ಕಣ್ಣು ಹೋಗಿ ನಿಂತಿತು. ಅತ್ತೆ ನನ್ನನ್ನು ನೋಡಿದರು, ಹುಣಸೆಕಾಯಿಯನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಅರ್ಧ ಪಣಿಯಾರವನ್ನು ಎಲೆಯ ಮೇಲೆ ಇಟ್ಟರು. ಅವರು ಪಣಿಯಾರ ಅರ್ಧಕ್ಕೆ ಬಿಟ್ಟದ್ದನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

"ಎಷ್ಟು ದಿನ ಆಯ್ತು ಕಣ್ಣು?" ಎಂದು ಕಿವಿಯಲ್ಲಿ ಕೇಳಿದರು.

ನಾನು ಬೆರಳು ಮಡಿಸಿ ಎಣಿಸುತ್ತಿದ್ದ ಹಾಗೆಯೇ ಅವರಿಗೆ ಉತ್ತರ ಸಿಕ್ಕಿತು. ಎದ್ದು ನಿಂತು ಅಜ್ಜಿಗೂ, ಹುಣಸೆಕಾಯಿಯವಳಿಗೂ, ಗಡಿಗೆ ಮಾರುವವನಿಗೂ ತಮಿಳಿನಲ್ಲಿ ಸಾರಿಬಿಟ್ಟರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಂದು ನಡಿಗೆ ಇಲ್ಲ, ಬಸ್ಸು. ಬಸ್ಸಿನಲ್ಲಿದ್ದವರಿಗೂ ಗೊತ್ತಾಯಿತು.

ಅಂದಿನಿಂದ ನನ್ನ ಪಥ್ಯ ಮುಗಿಯಿತು. ನನಗೆ ಬೇಕೆನಿಸಿದ್ದನ್ನೆಲ್ಲ ಅತ್ತೆಯೇ ಮಾಡಿ ಬಡಿಸಿದರು. ದೋಸೆ, ಅದಿರಸ ಅನ್ನುವ ಕಜ್ಜಾಯ, ತುಪ್ಪದನ್ನ. ನಾನು ಉಣ್ಣುತ್ತಿದ್ದರೆ ಎದುರು ಕೂತು ಮುದ್ದೆ ಮುರಿಯುತ್ತಾ, "ಅದಕ್ಕೆ ಉಪ್ಪು ಸರಿ ಇದೆಯಾ? ಮೆತ್ತಗಿದೆಯಾ?" ಎಂದು ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದರು. ಬೆರಳು ಅದ್ದಿಯೂ ನೋಡಲಿಲ್ಲ. "ನನ್ನ ದಿನ ಬರುತ್ತೆ," ಅನ್ನುತ್ತಿದ್ದರು.

ತೈ ತಿಂಗಳು ಬಂತು. ಮದುವೆಗೆ ಎರಡು ಬಸ್ಸು ಮಾಡಿಕೊಂಡು ತೇನಿ ದಾಟಿ ದಿಂಡಿಗಲ್ಲಿಗೆ ಹೋದೆವು. ತಾಳಿ ಕಟ್ಟಿದ ಸಂಜೆ ಗಂಡಿನ ಮನೆಯ ಅಂಗಳದಲ್ಲಿ ಹೆಂಗಸರು ಸುತ್ತು ನಿಂತರು. ಅತ್ತೆ ಮಧ್ಯಾಹ್ನದ ಮದುವೆಯೂಟ ಮಾಡಿರಲಿಲ್ಲ, ಮೈ ಹಗುರ ಇರಲಿ ಎಂದು ಬರೀ ಮಜ್ಜಿಗೆ ಕುಡಿದಿದ್ದರು. ಸೆರಗು ಸೊಂಟಕ್ಕೆ ಸಿಗಿಸಿ ಪದ ಎತ್ತಿದರು. ಬಗ್ಗಿದರು. ಎದ್ದರು. ಮತ್ತೆ ಬಗ್ಗಿ, ತಟ್ಟಿ, ತಿರುಗಿ, ಎದ್ದರು. ದಿಂಡಿಗಲ್ಲಿನ ಹೆಂಗಸರಿಗೆ ಪದ ಗೊತ್ತಿರಲಿಲ್ಲ, ತಾಳ ಗೊತ್ತಾಯಿತು. ಒಬ್ಬೊಬ್ಬರಾಗಿ ಸುತ್ತಿಗೆ ಬಂದರು. ಮದುಮಗಳೂ ಹಾರ ಸರಿಸಿಕೊಂಡು ಇಳಿದಳು. ಮಾವ ಗಂಡಸರ ನಡುವೆ ಕೂತು ಬೇರೆಲ್ಲೋ ನೋಡುವಂತೆ ನಟಿಸುತ್ತಾ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕುಮ್ಮಿ ಮುಗಿದ ಮೇಲೆ ಅತ್ತೆ ಎಲೆಯ ಮುಂದೆ ಕೂತು ಬಡಿಸಿದ್ದನ್ನೆಲ್ಲ ಉಂಡರು. ಅಂದು ಸಂತೆ ದಿನವಲ್ಲ. ಯಾರೂ ಕೇಳಲಿಲ್ಲ.

ಬೀಗಿತ್ತಿ, ಅಂದರೆ ಗಂಡಿನ ತಾಯಿ, ಗಾತ್ರದಲ್ಲಿ ನಮ್ಮತ್ತೆಗಿಂತ ಒಂದು ಕೈ ಮೇಲು. ಅಂಗಳದ ಕುರ್ಚಿಯಿಂದ ಅಲುಗಲಾಗದೆ ಇಡೀ ಕುಮ್ಮಿಯನ್ನು ಕೂತೇ ತಟ್ಟಿದ್ದರು. ಅತ್ತೆಯನ್ನು ಪಕ್ಕಕ್ಕೆ ಕರೆದು ಕೇಳಿದರು. "ಹೋದ ಸಲ ನೋಡಿದಾಗ ನೀವು ನನ್ನ ಹಾಗೇ ಇದ್ರಿ. ಏನು ಮಾಡಿದ್ರಿ?"

ಅತ್ತೆ ಮುದ್ದೆ, ಮಜ್ಜಿಗೆ, ಏರಿಯ ನಡಿಗೆ, ನಾಲಿಗೆ ದಿನ ಎಲ್ಲವನ್ನೂ ಬಿಡಿಸಿ ಹೇಳಿದರು. ಬೀಗಿತ್ತಿ ತುಂಬ ಶ್ರದ್ಧೆಯಿಂದ ಕೇಳಿಸಿಕೊಂಡರು.

ನನ್ನ ಸೀಮಂತಕ್ಕೆ ಅವರು ಮಗ, ಸೊಸೆಯ ಜೊತೆ ನಮ್ಮೂರಿಗೆ ಬಂದಿಳಿದರು. ಗಾಡಿಯಿಂದ ಇಳಿಸಲು ಇಬ್ಬರು ಕೈ ಕೊಡಬೇಕಾಯಿತು. ಅತ್ತೆ ಕೈ ಕಾಲಿಗೆ ನೀರು ಕೊಟ್ಟು, ಮೆಲ್ಲಗೆ ವಿಚಾರಿಸಿದರು. "ಬೀಗರೇ, ನಾನು ಹೇಳಿದ್ದು ಮಾಡ್ತಿದ್ದೀರಾ?"

"ನಾಲಿಗೆ ದಿನ ಒಂದು ವಾರವೂ ತಪ್ಪಿಸಿಲ್ಲ," ಅಂದರು ಬೀಗಿತ್ತಿ. "ಮುದ್ದೆ ದಿನಗಳನ್ನ ಮುಂದಿನ ತಿಂಗಳಿಂದ ಶುರು ಮಾಡೋಣ ಅಂತ."

ನಾದಿನಿ ಅವರ ಬೆನ್ನ ಹಿಂದೆ ನಿಂತು ನನಗೆ ಕಣ್ಣು ಮಿಟುಕಿಸಿದಳು. ಅತ್ತೆ ತುಟಿ ಕಚ್ಚಿಕೊಂಡು, ನಗು ತಡೆಯಲಾಗದೆ, ಬೀಗಿತ್ತಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಡುಗೆಮನೆಯಲ್ಲಿ ನನ್ನ ಸೀಮಂತಕ್ಕೆಂದು ಏಳು ಬಗೆಯ ಚಿತ್ರಾನ್ನ ಕಲಸಿಟ್ಟಿತ್ತು. ಇಬ್ಬರೂ ಅದರ ಮುಂದೆ ಮಣೆ ಹಾಕಿಕೊಂಡು ಕೂತರು.