ಮೇಕೆಯ ಹೆಸರು ವತ್ಸಲಾ

ಮೇಕೆಗಳು ಹಾಡುವುದಿಲ್ಲ. ಕ್ರಿಸ್‌ಮಸ್‌ನ ತಮಾಷೆ ರೆಕಾರ್ಡಿನಲ್ಲಿ ಮೇಕೆ ಹಾಡಿದೆ ಅಂದರೆ ಮೈಕಿನ ಮುಂದೆ ಯಾರೋ ಗಂಟಲು ಹರಿದುಕೊಂಡಿದ್ದಾರೆ ಅಂತಲೇ ಅರ್ಥ. ಕವರಿನ ಮೇಲೆ ಮೇಕೆಯ ಚಿತ್ರ ಹಾಕಿ ಕೈತೊಳೆದುಕೊಳ್ಳುವವರಿಗೆ ನಾಚಿಕೆ ಬೇಡವೇ?

೧೯೭೩ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಪುಟ್ಟ ಸ್ಟುಡಿಯೋ ಒಂದರಲ್ಲಿ ಹಾಗೆ ಗಂಟಲು ಹರಿದುಕೊಂಡವರು ಅಲ್ಲೇ ಹತ್ತಿರದ ಊರು ಸ್ಟರ್ಲಿಂಗ್ ಹೈಟ್ಸ್‌ನ ವತ್ಸಲಾ. ಮೈಸೂರಿನ ಹರಿಕಥೆ ದಾಸರ ಮಗಳು. ರಾಜ, ರಾಕ್ಷಸ, ಮುದುಕಿ, ಎಲ್ಲರಿಗೂ ಒಂದೇ ಗಂಟಲಲ್ಲಿ ದನಿ ಕೊಡುವುದು ಮನೆತನದ ವಿದ್ಯೆ. ರೆಕಾರ್ಡಿನ ಮೇಕೆ, ಬಾತುಕೋಳಿ, ನೆಗಡಿ ಹಿಡಿದ ಸಾರಂಗ, ಎಲ್ಲ ಅವರೇ. ಕ್ರಿಸ್‌ಮಸ್ ತಾತನ ನಗುವಿನಲ್ಲಿ ಮಾತ್ರ ರಾಕ್ಷಸನ ಅಟ್ಟಹಾಸ ಒಂದಿಷ್ಟು ಸೇರಿಹೋಯಿತು.

ಮುಗಿದ ಮೇಲೆ ಸ್ಟುಡಿಯೋದ ಫ್ರಾಂಕ್ ಕವರಿಗೆಂದು ಪೂರ್ತಿ ಹೆಸರು ಕೇಳಿದ. ಪಾಸ್‌ಪೋರ್ಟಿನಲ್ಲಿ ವತ್ಸಲಾ ಆದಮೇಲೆ ಇದ್ದದ್ದು ಯಜಮಾನರ ಹೆಸರು. ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ನೆಲ ನೋಡಿದರು, ಸೆರಗು ತಿರುವಿದರು. ಬರೆದುಕೊಡೋಣವೆಂದರೆ ಅವನು ಆಗಲೇ ದೀಪ ಆರಿಸುತ್ತಿದ್ದ. ಪಾಪ, ಈಕೆಗೆ ಹೆಸರು ಬೇಡವೇನೋ ಅಂದುಕೊಂಡ. ‘ಕೊಟ್ಟಿಗೆಯ ಗೆಳೆಯರು ಹಾಡಿದ್ದು’ ಅಂತ ಅಚ್ಚಾಯಿತು.

ಆ ಕ್ರಿಸ್‌ಮಸ್ ರಜೆಯಲ್ಲಿ ಪಕ್ಕದೂರು ಆನ್ ಆರ್ಬರ್‌ನ ಗೆಳತಿ ಪದ್ಮಾ ಮನೆಯಲ್ಲಿ ಕನ್ನಡದವರೆಲ್ಲ ಸೇರಿದ್ದರು. ಮಕ್ಕಳು ಅದೇ ರೆಕಾರ್ಡು ಹಾಕಿದರು. ಕೋಸಂಬರಿ ಬಡಿಸುತ್ತಿದ್ದ ವತ್ಸಲಾ, ಅದು ನಾನೇ ಕಣ್ರೇ ಅಂದರು. ಪದ್ಮಾ ಮಗಳು ರೇಣು ಕವರು ತಿರುಗಿಸಿ ನೋಡಿ, “ನೋ ಆಂಟಿ, ಇಟ್ಸ್ ಎ ಗೋಟ್,” ಅಂದಳು. ದೊಡ್ಡವರೂ ನಕ್ಕರು. ವತ್ಸಲಾಗೆ ಅನ್ನ ಸೇರಲಿಲ್ಲ.

ಮರುವರ್ಷ ರೆಕಾರ್ಡು ಮತ್ತೆ ಅಚ್ಚಾಗುತ್ತದೆಂದು ಸುದ್ದಿ ಬಂತು. ಫ್ರಾಂಕ್‌ಗೆ ಫೋನ್ ಮಾಡಿದರು. ಅವನು ಮತ್ತೆ ಪೂರ್ತಿ ಹೆಸರು ಕೇಳಿದ. ವತ್ಸಲಾ ಫೋನು ಕೈಲಿ ಮುಚ್ಚಿಕೊಂಡು ಗಂಡನ ಕಡೆ ನೋಡಿದರು.

“ಹೇಳೇ, ಹೇಳಿದ್ರೆ ನಾನೇನು ಕರಗಿಹೋಗ್ತೀನಾ?” ಅಂದರು ಅವರು, ಪೇಪರಿನಿಂದ ತಲೆಯೆತ್ತದೆ.

“ನಾನು ಹೇಳಲ್ಲಾರೀ. ಮೇಕೆ ಹೇಳುತ್ತೆ.”

ಹೇಳಿಯೇಬಿಟ್ಟಿತು. “ದ್ವಾ-ಆ-ಆ-ರಕಾನಾ-ಆ-ಆ-ಥ!” ಪೇಪರು ಕೆಳಗೆ ಬಿತ್ತು. ಆ ಕಡೆ ಫ್ರಾಂಕ್ ಒಂದೊಂದೇ ಅಕ್ಷರ ಬಿಡಿಸಿ ಹೇಳಿಸಿಕೊಂಡ. ಮೇಕೆ ತಾಳ್ಮೆಯಿಂದ ಹೇಳಿತು.

ಹೊಸ ಕವರಿನಲ್ಲಿ ಹೆಸರು ಬಂತು. ರೇಣುವಿಗೆ ಮೊದಲ ಪ್ರತಿ ಹೋಯಿತು. ಹಳೆಯ ಕವರುಗಳಲ್ಲಿ ಮಾತ್ರ ಇಂದಿಗೂ ಬರೀ ಕೊಟ್ಟಿಗೆ. ನಿಮ್ಮ ಮನೆಯಲ್ಲಿ ಅದಿದ್ದರೆ ಪೆನ್ನು ತೆಗೆದುಕೊಳ್ಳಿ, ‘ಕೊಟ್ಟಿಗೆಯ ಗೆಳೆಯರು’ ಹೊಡೆದುಹಾಕಿ, ವತ್ಸಲಾ ದ್ವಾರಕಾನಾಥ ಅಂತ ಬರೆಯಿರಿ. ಆಮೇಲೆ ಹಾಡು ಕೇಳಿ.