ಆಸ್ತಿ ಪಟ್ಟಿಗೆ ಸೇರಿದ ಹಲ್ಲಿನ ಸೆಟ್ಟು

೨೦೦೩ನೇ ಇಸವಿ. ನಾನು ಆಗ ಒಂದು ಸೇವಾ ಟ್ರಸ್ಟಿನಲ್ಲಿ ಕ್ಷೇತ್ರಾಧಿಕಾರಿ. ಪ್ರಧಾನ ಕಚೇರಿ ಮಂಗಳೂರಿನಲ್ಲಿ. ನನ್ನ ಕಚೇರಿ ಬೈಂದೂರಿನಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ. ಬೈಂದೂರು ಆಗಿನ್ನೂ ಕುಂದಾಪುರ ತಾಲೂಕಿಗೇ ಸೇರಿತ್ತು. ಹುದ್ದೆಯ ಹೆಸರು ದೊಡ್ಡದು, ಕೈಕೆಳಗೆ ಇದ್ದದ್ದು ಒಂದು ಕಪಾಟು, ಒಂದು ಕ್ಯಾಮೆರಾ, ಹತ್ತಿಪ್ಪತ್ತು ಸಲ ಕಿಕ್ ಹೊಡೆದರೆ ಹೊರಡುವ ಒಂದು ಸ್ಕೂಟರು. ನಾನು ಸಾಲಿಗ್ರಾಮದ ಕಡೆಯ ಉರಾಳರ ಮನೆಯವನು, ಮೀನು ತಿನ್ನದ ಬ್ರಾಹ್ಮಣ. ಬಂಗಡೆ ಮೀನಿಗೂ ಬೈಗೆ ಮೀನಿಗೂ ವ್ಯತ್ಯಾಸ ತಿಳಿಯದ ನನ್ನನ್ನು ಮೀನುಗಾರರ ಕೇರಿಗಳ ಉಸ್ತುವಾರಿಗೆ ಹಾಕಿದ್ದರು.

ಅದಕ್ಕೂ ಎರಡು ವರ್ಷ ಹಿಂದೆ ನಮ್ಮ ಟ್ರಸ್ಟು ಕಿರಿಮಂಜೇಶ್ವರದ ಮೀನುಗಾರ ಮಹಿಳೆಯರಿಗೆ ಹನ್ನೆರಡು ಹೊಲಿಗೆ ಯಂತ್ರ ಕೊಟ್ಟಿತ್ತು. ನಾನು ಹೋಗಿ ನೋಡುವಾಗ ಒಂದರ ಮೇಲೆ ಟೀವಿ ಕೂತಿತ್ತು. ಇನ್ನೊಂದು, ಕಡಲ ಗಾಳಿಗೆ ಬಡಿದುಕೊಳ್ಳುವ ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಉಳಿದವುಗಳ ಬಗ್ಗೆ ಕೇಳಿದಾಗ ಹೆಂಗಸರು ವಿಷಯ ಬದಲಿಸಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವವರು ಬಟ್ಟೆ ಹೊಲಿಯುವುದು ಯಾವಾಗ ಎಂದು ಯಾರೂ ಕೇಳಿರಲಿಲ್ಲ.

ಹಾಗಾಗಿ ಈ ಬಾರಿ ವಸ್ತು ಬೇಡ, ಹಣವನ್ನೇ ನೇರ ಕೊಡೋಣ ಎಂದು ತೀರ್ಮಾನವಾಯಿತು. ಆಯ್ದ ನಲವತ್ತು ಬಡ ಕುಟುಂಬಗಳಿಗೆ ಮನೆಯ ಹೆಂಗಸಿನ ಹೆಸರಿನಲ್ಲಿ ಎಂಟು ಸಾವಿರ ರೂಪಾಯಿ. ಜನವರಿಯಲ್ಲಿ ಅರ್ಧ, ಮಳೆಗಾಲಕ್ಕೆ ಮೊದಲು ಉಳಿದರ್ಧ. ನಡುವೆ ಒಂದು ಷರತ್ತು. ಮೊದಲ ಕಂತಿನಿಂದ ಕುಟುಂಬವು ಏನಾದರೂ ‘ಆಸ್ತಿ’ ಮಾಡಿಕೊಂಡಿರಬೇಕು. ಕ್ಷೇತ್ರಾಧಿಕಾರಿ ಅದನ್ನು ಕಣ್ಣಾರೆ ಕಂಡು, ಫಲಾನುಭವಿಯ ಜೊತೆ ಫೋಟೋ ತೆಗೆದು, ಟ್ರಸ್ಟಿನ ಹೆಸರನ್ನು ಅದರ ಮೇಲೆ ಬಣ್ಣದಲ್ಲಿ ಬರೆದು, ‘ಹಣ ಬಳಕೆ ಪ್ರಮಾಣಪತ್ರ’ಕ್ಕೆ ಸಹಿ ಹಾಕಬೇಕು. ಆ ಕಾಗದ ಇಲ್ಲದೆ ಎರಡನೆಯ ಕಂತು ಇಲ್ಲ.

ಏಪ್ರಿಲ್ ತಿಂಗಳಿಡೀ ನಾನು ನೀಲಿ ಬಣ್ಣದ ಡಬ್ಬಿ, ಬ್ರಷ್ಷು, ಅಕ್ಷರ ಕೊರೆದ ತಗಡು ಹಿಡಿದು ಮನೆ ಮನೆ ಸುತ್ತಿದೆ. ಸೈಕಲ್ಲಿನ ಮೇಲೆ ಬರೆದೆ. ಐಸ್ ಪೆಟ್ಟಿಗೆಯ ಮೇಲೆ ಬರೆದೆ. ಒಂದು ಮನೆಯಲ್ಲಿ ಆಡು ಕೊಂಡಿದ್ದರು. ಅದರ ಹೊಟ್ಟೆಯ ಮೇಲೆ ಬರೆದು ಫೋಟೋಕ್ಕೆ ಕ್ಯಾಮೆರಾ ಸರಿಮಾಡುವಷ್ಟರಲ್ಲಿ ಅದು ಗೋಡೆಗೆ ಮೈ ಉಜ್ಜಿತು. ಟ್ರಸ್ಟಿನ ಅರ್ಧ ಹೆಸರು ಆಡಿನ ಮೇಲೂ ಇನ್ನರ್ಧ ಗೋಡೆಯ ಮೇಲೂ ಉಳಿಯಿತು. ಎರಡೂ ಬರುವಂತೆ ಫೋಟೋ ತೆಗೆದೆ.

ಮುಕಾಂಬು ಎಂಬವರ ಮನೆಗೆ ಹೋದದ್ದು ತಿಂಗಳ ಕೊನೆಯಲ್ಲಿ. ಐವತ್ತೈದರ ಆಸುಪಾಸಿನ ಹೆಂಗಸು, ಮೂವತ್ತು ವರ್ಷದಿಂದ ಮೀನು ಮಾರುತ್ತ ಬಂದವರು. ಗಂಡ ಶೀನ ದೋಣಿಯಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡ ಮೇಲೆ ಮನೆಯಲ್ಲೇ ಕೂತು ಬಲೆ ಕಟ್ಟುತ್ತಿದ್ದರು. ಮಗಳು ಪಿಯುಸಿ ಓದುತ್ತಿದ್ದಳು. ಅಡುಗೆಮನೆಯ ಮಾಡಿನ ಮೇಲೆ ತೆಂಗಿನ ಮಡಲು ಹೊದಿಸಿತ್ತು, ಅದೂ ಕುಂಬಾಗಿ ಉದುರುತ್ತಿತ್ತು. ಮಳೆ ಬೀಳುವ ಮೊದಲು ಹಂಚು ಹಾಕಿಸುವುದಕ್ಕೆ ಅವರು ನಂಬಿದ್ದದ್ದು ನಮ್ಮ ಎರಡನೆಯ ಕಂತನ್ನೇ.

“ಹ್ವಾಯ್ ಉರಾಳ್ರೆ, ಬನಿ, ಕೂಕಣಿ” ಎಂದರು ಮುಕಾಂಬು.

ಕೂತು ಫಾರಂ ಬಿಡಿಸಿದೆ. “ಮುಕಾಂಬಕ್ಕ, ಮೊದಲ ಕಂತಿನ ಆಸ್ತಿ ಎಲ್ಲಿ? ತೋರಿಸಿ.”

“ಎದ್ರಿಗೇ ಇತ್ತಲೆ.”

ಸುತ್ತ ನೋಡಿದೆ. ಒಂದು ಬೆಕ್ಕು, ಎರಡು ಕೊಡಪಾನ, ಶೀನರ ಬಲೆ. ಯಾವುದೂ ಹೊಸತಲ್ಲ. ಶೀನರು ತಲೆ ಬಗ್ಗಿಸಿ ಬಲೆಯ ಗಂಟು ಬಿಗಿಯುತ್ತ ನಗು ತಡೆದುಕೊಳ್ಳುತ್ತಿದ್ದರು. ಮುಕಾಂಬು ಬಾಯಿ ತುಂಬ ನಕ್ಕರು. ಮೇಲೆ ಕೆಳಗೆ ಎರಡೂ ಸಾಲು, ಅಚ್ಚ ಬಿಳಿ, ಒಂದೂ ಕೊಂಕಿಲ್ಲ. ಜನವರಿಯಲ್ಲಿ ಹಣ ಕೊಡುವಾಗ ಆ ಬಾಯಿಯಲ್ಲಿ ಒಂದು ಹಲ್ಲೂ ಇರಲಿಲ್ಲ ಎಂಬುದು ಆಗ ನೆನಪಿಗೆ ಬಂತು.

“ಕುಂದಾಪ್ರದಂಗೆ ಡಾಕ್ಟ್ರ್ ಹತ್ರ ಮಾಡ್ಸದ್. ನಾಕ್ ಸಲ ಬಸ್ಸಂಗೆ ಹೋಯಿ ಬಂದೆ. ಮೂರ್ ಸಾವ್ರದ ಇನ್ನೂರ್ ಆಯ್ತ್” ಎಂದವರೇ ಹಿಂದೆ ತಿರುಗಿ, ಸೆಟ್ಟು ಕಳಚಿ, ತೊಳೆದು, ಸ್ಟೀಲ್ ತಟ್ಟೆಯಲ್ಲಿಟ್ಟು ನನ್ನ ಮುಂದೆ ಸರಿಸಿದರು. ನನ್ನ ಕೈಯಲ್ಲಿ ಬ್ರಷ್ಷು ಇತ್ತು. ನಾನು ಬ್ರಷ್ಷನ್ನು ನೋಡಿದೆ, ಅವರು ಬ್ರಷ್ಷನ್ನು ನೋಡಿದರು. ಬೇಗ ತಟ್ಟೆಯನ್ನು ವಾಪಸು ಎಳೆದುಕೊಂಡರು.

ನನಗೆ ನಿಜವಾಗಿ ಬೇಸರವಾಯಿತು. ಫಾರಮ್ಮಿನಲ್ಲಿ ಇದ್ದದ್ದು ಮನೆ ದುರಸ್ತಿ, ಜಾನುವಾರು, ವ್ಯಾಪಾರ ಸಲಕರಣೆ, ಮಕ್ಕಳ ಓದು, ಇಷ್ಟೇ. ಇದರಲ್ಲಿ ಯಾವುದೂ ಅಲ್ಲವೆಂದಾದರೆ ‘ದುರ್ಬಳಕೆ’ ಎಂದು ಬರೆಯಬೇಕಿತ್ತು. “ಮಾಡು ಸೋರುವಾಗ ಹಲ್ಲು ಬೇಕಿತ್ತಾ ಮುಕಾಂಬಕ್ಕ?” ಎಂದು ಕೇಳಿಬಿಟ್ಟೆ.

ಅವರು ಸೆಟ್ಟು ಬಾಯಿಗೆ ಹಾಕಿಕೊಂಡು, ಸರಿಯಾಗಿ ಕೂರಿಸಿಕೊಂಡು ಹೇಳಿದರು: “ನಾಳೆ ಬೆಳಿಗ್ಗೆ ಕಡ್ಲ್ ಬದಿಗೆ ಬನಿ. ಬಂದ್ ಕಾಣಿ. ಅಮೇಲೆ ಎಂತ ಬೇಕಾರೂ ಬರಿನಿ.”

ಮರುದಿನ ಹೋದೆ. ಮೂಗಿಗೆ ಕರವಸ್ತ್ರ ಹಿಡಿದದ್ದನ್ನು ನೋಡಿ ಹೆಂಗಸರು ನಕ್ಕರು, ತೆಗೆದು ಕಿಸೆಗೆ ಹಾಕಿಕೊಂಡೆ. ದೋಣಿಗಳು ಬಂದು ನಿಂತಿದ್ದವು. ಮೀನನ್ನು ಬುಟ್ಟಿಗೆ ಸುರಿದು ಏಲಂ ಕೂಗುತ್ತಿದ್ದರು. ಏಲಂ ಎಂದರೆ ಹರಾಜು, ಎಲ್ಲವೂ ಬಾಯಲ್ಲೇ. ಹತ್ತು ಹದಿನೈದು ಹೆಂಗಸರು ಒಟ್ಟಿಗೇ ಕೂಗುವಾಗ ಯಾರ ಹೆಚ್ಚಿನ ಬೆಲೆ ಮೊದಲು, ಸ್ಪಷ್ಟವಾಗಿ ಕೇಳಿತೋ ಬುಟ್ಟಿ ಅವರದು. ಮುಕಾಂಬು ಎರಡು ಬುಟ್ಟಿ ಬಿಟ್ಟುಕೊಟ್ಟರು. ಮೂರನೆಯದಕ್ಕೆ “ಇನ್ನೂರ್ ಹತ್ತ್” ಎಂದರು. ಅದು ಗಾಳಿ, ಅಲೆ, ಗದ್ದಲ ಎಲ್ಲವನ್ನೂ ದಾಟಿ ನಾನು ನಿಂತಲ್ಲಿಗೂ ಕೇಳಿತು. ಬುಟ್ಟಿ ಅವರದಾಯಿತು.

ಬುಟ್ಟಿ ಹೊರುವ ಮೊದಲು ಅವರು ವಿಷಯ ತಿಳಿಸಿದರು. ಎರಡು ವರ್ಷದ ಹಿಂದೆ ಕೊನೆಯ ಹಲ್ಲು ಹೋದ ಮೇಲೆ ಇವರು ‘ಹತ್ತ್’ ಎಂದರೆ ‘ಹಪ್ಪ್’ ಎಂದು ಕೇಳುತ್ತಿತ್ತಂತೆ. ಏಲಂ ಕೂಗುವವನು “ಹಪ್ಳವಾ?” ಎಂದು ಕೇಳಿದ. ಕಡಲ ಬದಿಯೆಲ್ಲ ನಕ್ಕಿತು. ಮರುದಿನವೂ ನಕ್ಕಿತು. ಮೂರನೆಯ ದಿನದಿಂದ ಮುಕಾಂಬು ಏಲಮ್ಮಿಗೆ ಹೋಗಲಿಲ್ಲ. ಇನ್ನೊಬ್ಬರು ಹಿಡಿದ ಬುಟ್ಟಿಯನ್ನು ಮೇಲೆ ಇಪ್ಪತ್ತು ಮೂವತ್ತು ಕೊಟ್ಟು ಕೊಂಡು ಮಾರತೊಡಗಿದರು. ದಿನದ ಲಾಭದ ಬಹುಪಾಲು ಅಲ್ಲೇ ಹೋಯಿತು.

“ಜನ ನಗ್ಯಾಡೂದ್ ತಡ್ಕಂಬುಕೆ ಆತ್ತಿಲ್ಲೆ ಉರಾಳ್ರೆ. ಹಸು ಬೇಕಾರೆ ತಡ್ಕಂಬ್ಲಕ್ಕ್” ಎಂದರು. ಹಸು ಎಂದರೆ ಅವರ ಮಾತಿನಲ್ಲಿ ಹಸಿವು.

ಕಚೇರಿಗೆ ಬಂದು ‘ವ್ಯಾಪಾರ ಸಲಕರಣೆ’ ಎಂಬಲ್ಲಿ ‘ಹಲ್ಲಿನ ಸೆಟ್ಟು, ಒಂದು’ ಎಂದು ಬರೆದು ಕಳಿಸಿದೆ. ನನ್ನ ಅಕ್ಷರ ಹೇಗಿತ್ತೋ, ವಾರದೊಳಗೆ ಮಂಗಳೂರಿನಿಂದ ಪತ್ರ ಬಂತು: “ಹುಲ್ಲಿನ ಸೆಟ್ಟು ಖರೀದಿಸಿದ್ದು ಗಮನಿಸಲಾಗಿದೆ. ಹಸು ಯಾವುದು? ವಿವರಿಸಿ.” ಫೋನ್ ಮಾಡಿ, ಹುಲ್ಲಲ್ಲ ಸರ್, ಹಲ್ಲು ಎಂದೆ. ಆ ಕಡೆ ಇದ್ದದ್ದು ಟ್ರಸ್ಟಿನ ಕಾರ್ಯದರ್ಶಿಗಳು. “ನಾನೇ ಬರುತ್ತೇನೆ” ಎಂದರು.

ಮೇ ಎರಡನೆಯ ವಾರದಲ್ಲಿ ಬಂದರು. ನಿವೃತ್ತ ಬ್ಯಾಂಕ್ ಅಧಿಕಾರಿ, ಅರವತ್ತೈದು ದಾಟಿದವರು, ಇಸ್ತ್ರಿಯ ಗೀಟೂ ಮಾಸದ ಬಿಳಿ ಅಂಗಿ. ಮುಕಾಂಬುವಿನ ಜಗಲಿಯ ಮೇಲೆ ಕುಳಿತು ನಿಧಾನವಾಗಿ, ಕೆಟ್ಟದ್ದೇನೂ ಇಲ್ಲದ ದನಿಯಲ್ಲಿ ಹೇಳಿದರು: “ನೋಡಿಯಮ್ಮ, ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಹಲ್ಲು ಆಸ್ತಿಯಲ್ಲ. ಅದು ವೈಯಕ್ತಿಕ ವಸ್ತು. ದಾನಿಗಳಿಗೆ ನಾನು ಉತ್ತರ ಕೊಡಬೇಕು. ಎರಡನೆಯ ಕಂತು ಕೊಡಲಿಕ್ಕೆ ಆಗುವುದಿಲ್ಲ.”

ಶೀನರ ಕೈ ಬಲೆಯ ಮೇಲೆಯೇ ನಿಂತಿತು. ನಾನು ಏಲಮ್ಮಿನ ಕಥೆ ಹೇಳಲು ಬಾಯಿ ತೆರೆದೆ. ಆದರೆ ಮುಕಾಂಬು ನನ್ನ ಕಡೆ ನೋಡಲೇ ಇಲ್ಲ. ಕಾರ್ಯದರ್ಶಿಗಳ ಮುಖವನ್ನೇ, ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ನೋಡುವ ಹಾಗೆ, ನೋಡುತ್ತಿದ್ದರು.

“ನಿಮ್ದ್ ಯಾವ್ ಡಾಕ್ಟ್ರ್ ಮಾಡದ್?” ಎಂದು ಕೇಳಿದರು.

“ಯಾವುದು?”

“ಹಲ್ಲ್.”

ಅವರದೂ ಕಟ್ಟಿಸಿದ ಹಲ್ಲು. ಏಳು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ ನನಗೆ ಗೊತ್ತಿರದ ಸಂಗತಿ ಅದು. ನಾನು ಸ್ಕೂಟರಿನ ಕಡೆ ನೋಡತೊಡಗಿದೆ. ಕಾರ್ಯದರ್ಶಿಗಳ ಕಿವಿ ಕೆಂಪಾಯಿತು. ಆದರೆ ಅವರು ಸುಳ್ಳು ಹೇಳುವ ಮನುಷ್ಯರಲ್ಲ.

“ಮಂಗಳೂರಿನಲ್ಲಿ. ಆರು ಸಾವಿರ ಆಯಿತು.”

“ನಿಮ್ಗೆ ಮೋಸ ಆಯ್ತ್” ಎಂದರು ಮುಕಾಂಬು ಕನಿಕರದಿಂದ. ಮತ್ತೆ, “ಅದಿಲ್ದೆ ಮೀಟಿಂಗಿಗೆ ಹೋತ್ರ್ಯಾ ನೀವು?”

ಕಾರ್ಯದರ್ಶಿಗಳು ಕೈಯಲ್ಲಿದ್ದ ಫಾರಂ ಮಡಚಿ ಮತ್ತೆ ಬಿಡಿಸಿದರು. “ಒಂದು ಸಲ ಹೋಗಿದ್ದೆ” ಎಂದರು ಕೊನೆಗೆ. ಏನಾಯಿತೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಿಸೆಯಿಂದ ಪೆನ್ನು ತೆಗೆದು ಸಹಿ ಹಾಕಿದರು. ಏಳುವಾಗ, ಕೆಳಗಿನ ಸಾಲು ಮಾತಾಡುವಾಗ ಅಲ್ಲಾಡುವುದಿಲ್ಲವೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಮುಕಾಂಬು ಹೇಳಿದ ಕುಂದಾಪುರದ ಡಾಕ್ಟರ ವಿಳಾಸವನ್ನು ನಾನೇ ಬರೆದುಕೊಡಬೇಕಾಯಿತು.

ಮೇ ಕೊನೆಗೆ ಅಡುಗೆಮನೆಗೆ ಹಂಚು ಬಂತು. ನಲವತ್ತೂ ಕುಟುಂಬಗಳು ಹೀಗೇ ಗೆದ್ದವು ಎಂದರೆ ಸುಳ್ಳಾಗುತ್ತದೆ. ಒಬ್ಬ ಗಂಡಸು ಹೆಂಡತಿಯ ಕೈಯಿಂದ ಹಣ ಕಸಿದು ಕುಡಿದ. ಆ ಆಡು ಮಳೆಗಾಲದಲ್ಲಿ ಸತ್ತಿತು. ಆದರೂ ಹೆಚ್ಚಿನವರು, ತಮ್ಮ ಸಂಸಾರ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನಮಗಿಂತ ಚೆನ್ನಾಗಿ ತಿಳಿದು ಅಲ್ಲಿಗೇ ಹಣ ಹಾಕಿದ್ದರು. ಮುಂದಿನ ವರ್ಷದಿಂದ ಆಸ್ತಿಯ ಮೇಲೆ ಬಣ್ಣದಲ್ಲಿ ಬರೆಯುವ ನಿಯಮವನ್ನು ಕಾರ್ಯದರ್ಶಿಗಳು ಕೈಬಿಟ್ಟರು. ಕಾರಣ ಬರೆಯಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಒಂದೇ: ಬಡವರ ಮನೆಯಲ್ಲಿ ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನೂ ನಾನೇ ಹೇಳಬಾರದು, ಸುಮ್ಮನೆ ಕೂರಬೇಕು. ನನ್ನಂಥ ಮಾತುಗಾರನಿಗೆ ಇದು ಸುಲಭವಾಗಿರಲಿಲ್ಲ. ಕೆಲವು ವರ್ಷಗಳ ಬಳಿಕ ಕೊಕ್ಕರ್ಣೆಯಲ್ಲಿ ಒಂದು ಕೂಲಿ ದಂಪತಿ ನೆರವಿನ ಹಣದಲ್ಲಿ ಗಟ್ಟಿ ಬಾಗಿಲು ಮಾಡಿಸಿ ಬೀಗ ಹಾಕಿದ್ದರು. ಒಳಗೆ ಕದಿಯುವಂಥದ್ದು ಒಂದು ಪಾತ್ರೆ, ಹುಲ್ಲು ಸುತ್ತಿ ಕಟ್ಟಿದ ಅರ್ಧ ಮುಡಿ ಅಕ್ಕಿ, ಎರಡು ಕೋಳಿ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕಾದೆ. ಹೆಂಗಸು ಸೆರಗಿಗೆ ಕಟ್ಟಿದ್ದ ಬೀಗದ ಕೈ ಮುಟ್ಟಿ ನೋಡಿಕೊಂಡು ಹೇಳಿದಳು: “ಮುಂಚೆ ಒಬ್ರ್ ಮನಿ ಕಾಯ್ಕಂಡ್ ಇರ್ಕಿತ್, ಕೂಲಿ ಒಬ್ರದೇ. ಈಗ ಇಬ್ರೂ ಕೆಲ್ಸಕ್ಕೆ ಹೋಪುಕೆ ಆತ್ತ್.”